ಬಾಗಿಲವರೆಗಿನ ಮೂವತ್ತು ಹೆಜ್ಜೆಗಳಿಗೆ ಅನುದಾನ ಕೋರಿ

ರಾಜ್ಯ ಸಾರಿಗೆ ಇಲಾಖೆಯಲ್ಲಿ ಹಿರಿಯರ ಮತ್ತು ಅಂಗವಿಕಲರ ವಾಹನ ಸೇವೆಗೆ ಅನುದಾನ ಮಂಜೂರು ಮಾಡುವ ಅಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಕೌಂಟಿಯ ಅರ್ಜಿ ಈಗ ನಿಮ್ಮ ಮೇಜಿನ ಮೇಲಿದೆ. ಅದಕ್ಕೆ ಲಗತ್ತಿಸಿರುವ ಹೇಳಿಕೆಗಳಲ್ಲಿ ಒಂದಕ್ಕೆ ನನ್ನ ಸಹಿ ಇದೆ. ಆ ಹೇಳಿಕೆಯಲ್ಲಿ ಒಂದು ಸುಳ್ಳು ಇದೆ. ಅದನ್ನು ಹೇಳಿದವಳು ನಾನೇ. ನಿಮಗೆ ಖಾಸಗಿಯಾಗಿ ಬರೆದರೆ ಪತ್ರ ಯಾವ ಕಡತದ ಕೆಳಗೆ ಸೇರುತ್ತದೆಂದು ಹದಿನಾಲ್ಕು ವರ್ಷ ಈ ವ್ಯಾನು ಓಡಿಸಿದ ಮೇಲೆ ನನಗೆ ಚೆನ್ನಾಗಿ ಗೊತ್ತು. ಆದ್ದರಿಂದ ನಮ್ಮೂರಿನ ವಾರಪತ್ರಿಕೆಯಲ್ಲಿ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ನಿಮ್ಮ ಕಚೇರಿಗೆ ಪತ್ರಿಕೆ ಬರುವುದಿಲ್ಲವಾದರೆ ಒಂದು ಪ್ರತಿಯನ್ನು ನಾನೇ ಅಂಚೆಗೆ ಹಾಕುತ್ತೇನೆ.

ಮೊದಲು ನಡೆದದ್ದು. ಫೆಬ್ರವರಿಯ ಎರಡನೆಯ ಮಂಗಳವಾರ ಬೆಳಿಗ್ಗೆ ಎಲ್ಮಾ ರುವೋನಾ ಎಂಬ ಎಂಬತ್ತನಾಲ್ಕು ವರ್ಷದ ಹೆಂಗಸು ತಮ್ಮ ಅಡುಗೆಮನೆಯ ನೆಲದ ಮೇಲೆ ಸೊಂಟ ಮುರಿದುಕೊಂಡು ಬಿದ್ದಿದ್ದರು. ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ನಾನು ಅವರ ಮನೆಯ ಮುಂದೆ ವ್ಯಾನು ನಿಲ್ಲಿಸಿದೆ. ನಿಯಮದಂತೆ ಎರಡು ಸಲ ಹಾರ್ನ್ ಮಾಡಿದೆ. ನಿಯಮದಂತೆ ಐದು ನಿಮಿಷ ಕಾದೆ. ನಿಯಮದಂತೆ ಸೀಟಿನಿಂದ ಇಳಿಯಲಿಲ್ಲ. ಆಮೇಲೆ ಟ್ಯಾಬ್ಲೆಟ್ಟಿನ ಮೇಲೆ ‘ಪ್ರಯಾಣಿಕರು ಬರಲಿಲ್ಲ’ ಎಂಬ ಕೆಂಪು ಗುಂಡಿ ಒತ್ತಿ ಹೊರಟುಹೋದೆ. ಮರುದಿನ ಮಧ್ಯಾಹ್ನ ಶೆರಿಫ್ ಕಚೇರಿಯ ಪೊಲೀಸನು ಬಾಗಿಲು ಮುರಿದು ಒಳಗೆ ಹೋದಾಗ ಅವರು ಕೋಟು ಹಾಕಿಕೊಂಡೇ ಇದ್ದರು. ಒಂದು ಕಾಲಿಗೆ ಬೂಟು ಏರಿಸಿದ್ದರು, ಇನ್ನೊಂದು ಬೂಟು ಕೈಯಲ್ಲಿತ್ತು. ಬಿದ್ದದ್ದು ಎಂಟೂವರೆಯ ಸುಮಾರಿಗೆ, ಪ್ರಾಣ ಹೋದದ್ದು ಸಂಜೆಗೆ ಎಂದು ಡಾಕ್ಟರು ಬರೆದರು. ನಡುವೆ ಎಷ್ಟೋ ಗಂಟೆಗಳಿದ್ದವು, ಅದರಲ್ಲಿ ಐದು ನಿಮಿಷ ನಾನು ಮೂವತ್ತು ಹೆಜ್ಜೆ ದೂರದಲ್ಲಿ ಹೀಟರ್ ಹಾಕಿಕೊಂಡು ಕೂತಿದ್ದೆ.

ಮೂವತ್ತು ಎಂದು ಅಂದಾಜಿಗೆ ಹೇಳುತ್ತಿಲ್ಲ. ಆಮೇಲೆ ಹೋಗಿ ನಡೆದು ನೋಡಿದ್ದೇನೆ. ಹಿಮ ಇದ್ದರೆ ಮೂವತ್ತನಾಲ್ಕು.

ನಿಮಗೆ ಈ ನಿಯಮ ಎಲ್ಲಿಂದ ಹುಟ್ಟಿತೆಂದು ನೆನಪಿಲ್ಲದಿರಬಹುದು, ನೆನಪಿಸುತ್ತೇನೆ. ನಾಲ್ಕು ವರ್ಷದ ಹಿಂದಿನವರೆಗೆ ನಮ್ಮದು ಬಾಗಿಲಿನಿಂದ ಬಾಗಿಲಿಗೆ ಎಂಬ ಸೇವೆ. ಆಗ ನನ್ನ ಕೆಲಸದ ಅರ್ಧ ಭಾಗ ವ್ಯಾನಿನ ಹೊರಗೇ ನಡೆಯುತ್ತಿತ್ತು. ಬಾಗಿಲು ತಟ್ಟಬೇಕು, ಒಳಗಿನಿಂದ ‘ಬಂದೆ ಬಂದೆ’ ಎನ್ನುವ ದನಿ ಕೇಳಬೇಕು, ಕೋಟಿನ ಜಿಪ್ಪು ಸಿಕ್ಕಿಕೊಂಡಿದ್ದರೆ ಬಿಡಿಸಬೇಕು, ಹಲ್ಲಿನ ಸೆಟ್ಟು ಎಲ್ಲಿಟ್ಟಿರಿ ಎಂದು ಹುಡುಕಬೇಕು, ಒಲೆ ಆರಿಸಿದ್ದಾರೋ ಇಲ್ಲವೋ ಎಂದು ಒಮ್ಮೆ ಇಣುಕಿ ನೋಡಬೇಕು, ಆಮೇಲೆ ತೋಳು ಕೊಟ್ಟು ಮೆಟ್ಟಿಲು ಇಳಿಸಬೇಕು. ಇದಕ್ಕೆಲ್ಲ ಸಮಯ ಹಿಡಿಯುತ್ತಿತ್ತು. ಆಗ ನಿಮ್ಮ ಇಲಾಖೆಯಿಂದ ಒಂದು ಹೊಸ ಅಳತೆಗೋಲು ಬಂತು: ಒಂದು ವ್ಯಾನು ಒಂದು ಗಂಟೆಯಲ್ಲಿ ಎಷ್ಟು ಪ್ರಯಾಣ ಮುಗಿಸುತ್ತದೆ ಎಂಬುದು. ಹೆಚ್ಚು ಮುಗಿಸಿದವರಿಗೆ ಅನುದಾನ, ಕಡಿಮೆ ಮುಗಿಸಿದವರಿಗೆ ಸಲಹೆ. ಈ ಕಡೆ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಕಾಡು, ಕೆರೆ, ಮುಚ್ಚಿಹೋದ ತಾಮ್ರದ ಗಣಿ. ರಸ್ತೆಯನ್ನು ಕುಗ್ಗಿಸುವುದಕ್ಕೆ ಆಗುವುದಿಲ್ಲ. ಕುಗ್ಗಿಸಲು ಉಳಿದದ್ದು ರಸ್ತೆಯಿಂದ ಬಾಗಿಲಿಗೆ ಇರುವ ದಾರಿ ಮಾತ್ರ. ಅದನ್ನೇ ಕುಗ್ಗಿಸಿದರು. ‘ರಸ್ತೆಯಂಚಿನಿಂದ ರಸ್ತೆಯಂಚಿಗೆ’ ಎಂದು ವ್ಯಾನಿನ ಮೇಲಿನ ಹಳೆಯ ಅಕ್ಷರ ಕೆರೆದು ಹೊಸದಾಗಿ ಬರೆಸಿದರು. ಅಕ್ಷರ ಚೆನ್ನಾಗಿಯೇ ಇದೆ, ದೂರದಿಂದಲೂ ಕಾಣುತ್ತದೆ.

ನಡೆಯಲಾಗದವರಿಗೆಂದೇ ಇರುವ ಸೇವೆಯ ಮೊದಲ ಷರತ್ತು ಅವರು ನಡೆದು ಬರಬೇಕು ಎಂಬುದು. ಇದನ್ನು ಯೋಚಿಸಿದವರ ಕಾಲುಗಳು ಗಟ್ಟಿಯಾಗಿದ್ದಿರಬೇಕು. ನಿಮ್ಮ ಕಚೇರಿಯ ಮೆಟ್ಟಿಲುಗಳ ಮೇಲೆ ಎಂದಾದರೂ ಹಿಮ ಕಟ್ಟಿ ಗಾಜಿನಂತಾದದ್ದನ್ನು ನೋಡಿದ್ದೀರಾ? ಅಥವಾ ನೀವು ಬರುವ ಮೊದಲೇ ಯಾರೋ ಉಪ್ಪು ಎರಚಿರುತ್ತಾರೆಯೇ?

ನಮ್ಮ ಜನ ದೂರು ಹೇಳುವ ಜಾತಿಯಲ್ಲ. ಅವರ ಅಜ್ಜಂದಿರು ಗಣಿಯೊಳಗೆ ಇಳಿದವರು, ಅಜ್ಜಿಯರು ಹಿಮ ಕರಗಿಸಿ ಬಟ್ಟೆ ಒಗೆದವರು. ಹೊಸ ನಿಯಮ ಬಂದಾಗ ಯಾರೂ ಬಾಯಿ ತೆರೆಯಲಿಲ್ಲ. ಬದಲಿಗೆ ತಮ್ಮಷ್ಟಕ್ಕೆ ಒಂದು ದಾರಿ ಮಾಡಿಕೊಂಡರು. ಪ್ರಯಾಣ ರದ್ದು ಮಾಡಬೇಕಾದರೆ ದೂರದ ಊರಿನ ಕಾಲ್ ಸೆಂಟರಿಗೆ ಫೋನ್ ಮಾಡಿ, ಇಂಥದ್ದಕ್ಕೆ ಒಂದು ಒತ್ತಿ, ಅಂಥದ್ದಕ್ಕೆ ಎರಡು ಒತ್ತಿ ಎಂಬುದನ್ನೆಲ್ಲ ಕೇಳಿ, ಸಂಗೀತ ಕೇಳಿ, ಕಡೆಗೆ ಕಿವಿ ಕೇಳಿಸದೆ ಇಟ್ಟುಬಿಡಬೇಕು. ಅದರ ಬದಲು ನಮ್ಮ ಮುದುಕಿಯರು ಪಾತ್ರೆ ಒರೆಸುವ ಟವೆಲನ್ನು ಹೊರಜಗಲಿಯ ಕಂಬಿಗೆ ನೇತುಹಾಕತೊಡಗಿದರು. ಟವೆಲ್ ಇದ್ದರೆ ‘ಇವತ್ತು ನಾನು ಬರುವುದಿಲ್ಲ, ನೀನು ಹೋಗು’ ಎಂದರ್ಥ. ನಾನು ನಿಲ್ಲಿಸದೆ ಮುಂದೆ ಹೋಗುತ್ತಿದ್ದೆ, ಟ್ಯಾಬ್ಲೆಟ್ಟಿನಲ್ಲಿ ‘ರದ್ದು’ ಎಂದು ಒತ್ತುತ್ತಿದ್ದೆ, ಹಾಗಾಗಿ ಅವರ ಹೆಸರಿಗೆ ಕಪ್ಪುಚುಕ್ಕೆ ಬೀಳುತ್ತಿರಲಿಲ್ಲ. ಇದು ನಿಯಮಕ್ಕೆ ವಿರುದ್ಧ. ಈ ಪತ್ರದಿಂದ ನಿಮಗೆ ಗೊತ್ತಾಗುತ್ತಿದೆ, ಅಜ್ಜಿಯರು ನನ್ನನ್ನು ಕ್ಷಮಿಸಲಿ.

ಟವೆಲ್ ಇಲ್ಲದಿದ್ದರೆ ಏನು ಅರ್ಥ ಎಂದು ನೀವು ಕೇಳಬೇಕು. ಕೇಳುವವರಾಗಿದ್ದರೆ ಈ ಪತ್ರವೇ ಬೇಕಿರಲಿಲ್ಲ. ಟವೆಲ್ ಇಲ್ಲದಿದ್ದರೆ ಬರುತ್ತಾರೆ ಎಂದರ್ಥ. ನಾಲ್ಕು ವರ್ಷದಲ್ಲಿ ಎಲ್ಮಾ ಒಮ್ಮೆಯೂ ಇದರಲ್ಲಿ ತಪ್ಪಿದವರಲ್ಲ. ಮಂಗಳವಾರ ಅವರು ತಪ್ಪಿಸಿಕೊಳ್ಳುವ ದಿನವೂ ಅಲ್ಲ. ಅವರ ತಂಗಿ ಸಿಲ್ವಿ ಊರಿನ ಆರೈಕೆ ಕೇಂದ್ರದಲ್ಲಿದ್ದಾರೆ, ನೆನಪು ಹೋಗಿದೆ. ಮಂಗಳವಾರ ಮಂಗಳವಾರ ಎಲ್ಮಾ ಹೋಗಿ ಅವರ ತಲೆ ಬಾಚಿ, ಏಲಕ್ಕಿ ಹಾಕಿದ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿ ತಿನ್ನಿಸಿ ಬರುತ್ತಿದ್ದರು. ಬೇರೆ ಯಾರು ಕೊಟ್ಟರೂ ಸಿಲ್ವಿ ಬಾಯಿ ಬಿಗಿಹಿಡಿಯುತ್ತಾರೆ. ಎಲ್ಮಾ ವ್ಯಾನಿಗೆ ಹತ್ತಿದೊಡನೆ ಸೀಟಿನ ತುಂಬ ಏಲಕ್ಕಿ ವಾಸನೆ ಬರುತ್ತಿತ್ತು. “ನಿಂಗೂ ಒಂದು ತುಂಡು ಇಟ್ಟಿದೀನಿ ಲೋರ್ನಾ, ಗಾಡಿ ಓಡಿಸ್ತಾ ತಿನ್ಬೇಡ, ನಿಮ್ಮ ಟ್ಯಾಬ್ಲೆಟ್ಟು ಚಾಡಿ ಹೇಳತ್ತೆ” ಎನ್ನುತ್ತಿದ್ದರು.

ಟ್ಯಾಬ್ಲೆಟ್ಟು ಚಾಡಿ ಹೇಳುತ್ತದೆ ಎಂಬುದು ತಮಾಷೆಯ ಮಾತಾಗಿರಲಿಲ್ಲ. ಅವರು ಸಾಯುವುದಕ್ಕೆ ಮೂರು ತಿಂಗಳ ಮೊದಲು, ನವೆಂಬರಿನಲ್ಲಿ, ಎಲ್ಮಾ ಜಗಲಿಯ ಮೆಟ್ಟಿಲ ಮೇಲೆ ಇತ್ತ ಬರಲಾರದೆ ಅತ್ತ ಹೋಗಲಾರದೆ ಕಂಬಿ ಹಿಡಿದು ನಿಂತಿದ್ದರು. ರಾತ್ರಿ ಮಳೆ ಬಂದು ಮೆಟ್ಟಿಲು ಹೆಪ್ಪುಗಟ್ಟಿತ್ತು. ನಾನು ಇಳಿದು ಹೋಗಿ ಅವರನ್ನು ಕರೆತಂದೆ. ವ್ಯಾನು ಹನ್ನೊಂದು ನಿಮಿಷ ನಿಂತಲ್ಲೇ ನಿಂತಿತ್ತೆಂದು, ಚಾಲಕಿ ಸೀಟಿನಲ್ಲಿ ಇರಲಿಲ್ಲವೆಂದು ಯಂತ್ರ ವರದಿ ಮಾಡಿತು. ನಮ್ಮ ಮ್ಯಾನೇಜರ್ ಲಿಖಿತ ಎಚ್ಚರಿಕೆ ಕೊಟ್ಟರು. ಇನ್ನೊಮ್ಮೆ ಆದರೆ ಅಮಾನತು, ಮತ್ತೊಮ್ಮೆ ಆದರೆ ಮನೆ ಎಂದು ಅದರಲ್ಲಿತ್ತು. ನನಗೆ ಅರವತ್ತೊಂದು ವರ್ಷ. ಈ ಊರಿನಲ್ಲಿ ಈ ಕೆಲಸ ಹೋದರೆ ಇನ್ನೊಂದು ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಆರೋಗ್ಯ ವಿಮೆಯಿಲ್ಲ. ನಾನು ಆ ಕಾಗದಕ್ಕೆ ಸಹಿ ಹಾಕಿ, ಮಡಿಸಿ, ವ್ಯಾನಿನ ಸನ್‌ಶೇಡಿಗೆ ಸಿಕ್ಕಿಸಿಕೊಂಡೆ. ಬಿಸಿಲು ಬಂದಾಗ ಇಳಿಸಿದರೆ ಅದೇ ಕಣ್ಣಿಗೆ ಬೀಳುತ್ತಿತ್ತು.

ಇನ್ನು ಎಲ್ಮಾ ಸತ್ತ ಮೇಲಿನ ಮಾತು. ಮುಂದಿನ ಮಂಗಳವಾರ ಬೆಳಿಗ್ಗೆ ಟ್ಯಾಬ್ಲೆಟ್ಟು ತೆರೆದೆ. ಒಂಬತ್ತು ಹತ್ತು, ರುವೋನಾ, ಎಲ್ಮಾ, ಒಬ್ಬರು ಪ್ರಯಾಣಿಕರು, ಊರುಗೋಲು ಎಂದು ಬಂತು. ವ್ಯಾನುಗಳನ್ನು ಎಲ್ಲೆಲ್ಲಿಗೆ ಎಂದು ಕಳಿಸುವ ಡಿಸ್ಪ್ಯಾಚ್‌ನಲ್ಲಿ ಕೂರುವ ಮಾರ್ವೆಲ್ ನನ್ನ ಜೊತೆ ಶಾಲೆಗೆ ಬಂದವಳು. ವೈರ್‌ಲೆಸ್ಸಿನಲ್ಲಿ ಕರೆದೆ.

“ಮಾರ್ವೆಲ್, ಎಲ್ಮಾ ಹೆಸರು ಇನ್ನೂ ಪಟ್ಟೀಲಿದೆ.”

“ಗೊತ್ತು ಕಣೆ. ಅದು ಪ್ರತಿ ವಾರದ ಖಾಯಂ ಬುಕಿಂಗು. ತಾನೇ ಬರತ್ತೆ.”

“ತೆಗಿ ಮತ್ತೆ.”

“ನಂಗೆ ತೆಗಿಯಕ್ಕೆ ಬರಲ್ಲ. ಪ್ರಯಾಣಿಕರೇ ಫೋನ್ ಮಾಡಿ ರದ್ದು ಮಾಡ್ಬೇಕು. ಇಲ್ಲಾಂದ್ರೆ ಮನೆಯವ್ರು ಮರಣಪತ್ರ ಕಳಿಸ್ಬೇಕು.”

“ಮನೆಯವ್ರು ಅಂದ್ರೆ ಸಿಲ್ವಿ.”

“ನೀನು ಹೋಗಿ ನಿಂತು ಬಾರೆ,” ಅಂದಳು. “ವಿಚಾರಣೆ ಮುಗಿಯೋವರ್ಗೂ ಅವ್ರ ಹೆಸರಿಗೆ ‘ರದ್ದು’ ಒತ್ತಿದ್ರೂ ತಗೊಳಲ್ಲ. ನಿಲ್ಲದೆ ಮುಂದೆ ಹೋದ್ರೆ ದಾರಿ ತಪ್ಪಿದೆ ಅಂತ ನನ್ ಪರದೆ ಕೆಂಪಾಗತ್ತೆ. ಐದ್ ನಿಮಿಷ ತಾನೇ.”

ಹಾಗೆ ನಾನು ಸತ್ತವರ ಮನೆ ಮುಂದೆ ಹೋಗಿ ನಿಂತೆ. ಎರಡು ಸಲ ಹಾರ್ನ್ ಮಾಡಿದೆಯೋ ಎಂದು ನೀವು ಕೇಳುತ್ತೀರಿ. ಮಾಡಿದೆ. ಅದೂ ದಾಖಲಾಗುತ್ತದೆ. ಕಿಟಕಿಯ ಪರದೆ ಅರ್ಧ ಸರಿದಿತ್ತು, ಶೆರಿಫ್ ಕಡೆಯವರು ಬಾಗಿಲಿಗೆ ಹಲಗೆ ಹೊಡೆದಿದ್ದರು. ಐದು ನಿಮಿಷ ಆದ ಮೇಲೆ ಗುಂಡಿ ಒತ್ತಿದೆ. ಆ ಓಣಿಯಲ್ಲಿ ತಿರುಗಿಸಲು ಜಾಗವಿಲ್ಲ, ವ್ಯಾನನ್ನು ಹಿಂದಕ್ಕೇ ತೆಗೆದುಕೊಂಡು ಬರಬೇಕು. ಹಿಂದೆ ಸರಿಯುವಾಗ ವ್ಯಾನು ಬೀಪ್ ಬೀಪ್ ಎಂದು ಕೂಗುತ್ತದೆ, ನಿಮ್ಮದೇ ಸುರಕ್ಷತಾ ನಿಯಮ. ಆವತ್ತು ನನಗೆ ಹೊಳೆಯಿತು, ಬಿದ್ದಿದ್ದ ಎಲ್ಮಾಗೆ ಇದು ಕೇಳಿಸಿರುತ್ತದೆ. ಕಿವಿ ಮಂದವಾಗಿದ್ದರೂ ಈ ಸದ್ದು ಕೇಳಿಸುತ್ತದೆ ಎಂದು ಅವರೇ ಒಮ್ಮೆ ಹೇಳಿದ್ದರು. ಎರಡು ಹಾರ್ನ್ ಕೇಳಿಸಿದಾಗ ‘ಲೋರ್ನಾ ಬಂದಳು, ಇನ್ನೇನು ಬಾಗಿಲು ತಟ್ಟುತ್ತಾಳೆ’ ಎಂದುಕೊಂಡಿರುತ್ತಾರೆ. ಟವೆಲ್ ಹಾಕಿಲ್ಲವೆಂದು ಅವರಿಗೂ ಗೊತ್ತು, ನನಗೂ ಗೊತ್ತು ಎಂಬುದೂ ಅವರಿಗೆ ಗೊತ್ತು. ಆಮೇಲೆ ಬೀಪ್ ಬೀಪ್ ಎಂದು ಆ ಸದ್ದು ದೂರ ಹೋಗುವುದನ್ನು ಕೇಳಿರುತ್ತಾರೆ. ಈಗ ಅಂಗಡಿಯ ಹಿಂದೆ ಹಾಲಿನ ಲಾರಿ ಹಿಂದಕ್ಕೆ ಸರಿದರೂ ನಾನು ಕೈಲಿದ್ದದ್ದನ್ನು ಇಳಿಸಿ ಆ ಸದ್ದು ನಿಲ್ಲುವವರೆಗೆ ಕಾಯುತ್ತೇನೆ.

ಮೂರು ಮಂಗಳವಾರ ಹೀಗೆ ಹೋಗಿ ನಿಂತೆ. ಮೂರನೆಯದರ ಮರುದಿನ ಯಂತ್ರ ತಾನಾಗಿ ಒಂದು ಪತ್ರ ಮುದ್ರಿಸಿತು. ಮಾರ್ವೆಲ್ ಅದನ್ನು ಲಕೋಟೆಗೆ ಹಾಕಲಾರದೆ ನನಗೆ ತೋರಿಸಿದಳು. ಪ್ರಿಯ ಎಲ್ಮಾ, ನೀವು ಪದೇಪದೇ ಸೂಚನೆ ಕೊಡದೆ ಪ್ರಯಾಣಕ್ಕೆ ಬಾರದಿರುವುದರಿಂದ ಇತರ ಹಿರಿಯ ನಾಗರಿಕರಿಗೆ ತೊಂದರೆಯಾಗಿದೆ, ಆದ್ದರಿಂದ ಮೂವತ್ತು ದಿನ ನಿಮ್ಮ ಸೇವೆಯನ್ನು ತಡೆಹಿಡಿಯಲಾಗಿದೆ, ಇದರಿಂದ ಬೇಸರವಾಗಿದ್ದರೆ ಹತ್ತು ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು ಎಂದಿತ್ತು. ಕೊನೆಯಲ್ಲಿ ನಿಮ್ಮ ಇಲಾಖೆಯ ಮುದ್ರೆ. ಸತ್ತವರಿಗೂ ಮೇಲ್ಮನವಿಯ ಹಕ್ಕು ಕೊಟ್ಟ ಔದಾರ್ಯ ನಿಮ್ಮದು. ಅದೇ ವಾರ ನನಗೂ ಒಂದು ಪತ್ರ ಬಂತು. ಚಳಿಗಾಲದುದ್ದಕ್ಕೂ ಸಮಯಪಾಲನೆ ಮಾಡಿದ್ದಕ್ಕಾಗಿ ಪ್ರಶಂಸೆ, ಗೋಡೆಗೆ ತೂಗುಹಾಕಲು ಅನುಕೂಲವಾಗುವಂತೆ ದಪ್ಪ ಕಾಗದದಲ್ಲಿ.

ಆರೈಕೆ ಕೇಂದ್ರದ ಸಂಗತಿಯನ್ನೂ ಹೇಳಬೇಕು. ಡಯಾಲಿಸಿಸ್ ಮಾಡುವ ಕಟ್ಟಡವೂ ಅದೇ ಅಂಗಳದಲ್ಲಿರುವುದರಿಂದ ವಾರಕ್ಕೆ ಮೂರು ಸಲ ನಾನು ಅಲ್ಲಿಗೆ ಹೋಗಲೇಬೇಕು. ಸಿಲ್ವಿಗೆ ದಿನ, ವಾರ, ತಮ್ಮ ಹೆಸರು ಯಾವುದೂ ನೆನಪಿರುವುದಿಲ್ಲ, ಬಿಳಿ ವ್ಯಾನು ಮಾತ್ರ ನೆನಪಿದೆ. ಗಾಜಿನ ಬಾಗಿಲಿನ ಹತ್ತಿರ ಬಂದು ನಿಲ್ಲುತ್ತಾರೆ. ತಲೆ ಬಾಚಿರುವುದಿಲ್ಲ. ನನ್ನನ್ನು ನೋಡಿ, ನನ್ನ ಹಿಂದೆ ನೋಡಿ, “ಅವಳೆಲ್ಲಿ?” ಎನ್ನುತ್ತಾರೆ. ತೀರಿಹೋದರು ಎಂದು ಅಲ್ಲಿನ ನರ್ಸು ಎರಡು ಸಲ ಹೇಳಿ ನೋಡಿದಳಂತೆ. ಎರಡು ಸಲವೂ ಮೊದಲ ಸಲ ಕೇಳಿದವರಂತೆಯೇ ಅತ್ತರಂತೆ, ಅರ್ಧ ಗಂಟೆಯಲ್ಲಿ ಮರೆತರಂತೆ. ಈಗ ಅದನ್ನು ಯಾರೂ ಹೇಳುವುದಿಲ್ಲ. “ಇವತ್ತು ಬರ್ಲಿಲ್ಲ ಸಿಲ್ವಿ” ಎಂದು ನಾನೂ ಹೇಳುತ್ತೇನೆ. “ಬರ್ದೆ ಇರೋಳಲ್ವಲ್ಲ ಅವಳು” ಎಂದು ಅವರು ಬಾಗಿಲಲ್ಲೇ ನಿಂತಿರುತ್ತಾರೆ. ನೆನಪು ಹೋದವರಿಗೆ ಗೊತ್ತಿರುವಷ್ಟೂ ನಿಮ್ಮ ಯಂತ್ರಕ್ಕೆ ಗೊತ್ತಿಲ್ಲ.

ಈಗ ನನ್ನ ಸುಳ್ಳಿಗೆ ಬರುತ್ತೇನೆ. ಇಷ್ಟು ಹೊತ್ತು ನಿಮ್ಮನ್ನು ಬೈಯುತ್ತಾ ಬಂದದ್ದು ಈ ಜಾಗಕ್ಕೆ ಬೇಗ ಬರಬಾರದೆಂದೇ ಇರಬಹುದು.

ಎಲ್ಮಾ ಸತ್ತ ಮೇಲೆ ಕೌಂಟಿಯವರು ವಿಚಾರಣೆ ಮಾಡಿದರು. ಮನೆಯವರು ಕೇಳಿದ್ದರಿಂದ ಅಲ್ಲ, ಸಿಲ್ವಿ ಬಿಟ್ಟರೆ ಮನೆಯವರೇ ಇಲ್ಲ. ಅರ್ಜಿ ಕಳಿಸುವ ಮೊದಲು ಕಡತ ಸ್ವಚ್ಛ ಇರಬೇಕೆಂದು. ಇಳಿದು ಏಕೆ ನೋಡಲಿಲ್ಲ ಎಂದು ಕೇಳಿದರು. ನಾನು ಹೀಗೆ ಬರೆದುಕೊಟ್ಟೆ: ವ್ಯಾನಿನಲ್ಲಿ ಡಯಾಲಿಸಿಸ್‌ಗೆ ಹೋಗುವ ಪ್ರಯಾಣಿಕರಿದ್ದರು, ತಡವಾದರೆ ಅವರ ಜೀವಕ್ಕೆ ಅಪಾಯವಿತ್ತು, ಅವರ ಹಿತಕ್ಕಾಗಿ ನಾನು ಹೊರಡಬೇಕಾಯಿತು. ಓದಿದ ಎಲ್ಲರೂ ತಲೆದೂಗಿದರು. ನಿಮ್ಮ ಮುಂದಿರುವ ಅರ್ಜಿಯಲ್ಲಿ ಅದನ್ನು ಚೌಕಟ್ಟು ಹಾಕಿ ಮುದ್ರಿಸಿದ್ದಾರೆ. ಐದು ನಿಮಿಷದ ನಿಯಮ ಬೇರೆ ಪ್ರಯಾಣಿಕರ ಪ್ರಾಣ ಕಾಪಾಡುತ್ತದೆ ಎಂಬುದಕ್ಕೆ ಅದೇ ಸಾಕ್ಷಿಯಂತೆ. ನನ್ನ ಹೇಡಿತನಕ್ಕೆ ಚೌಕಟ್ಟು ಸಿಕ್ಕಿತು.

ಆ ಪ್ರಯಾಣಿಕರು ಓರಿನ್ ಬೋಡ್ರಿ. ಎಪ್ಪತ್ತೊಂಬತ್ತು ವರ್ಷ, ಹಿಂದೆ ಮರ ಕಡಿಯುತ್ತಿದ್ದವರು, ಸಕ್ಕರೆ ಕಾಯಿಲೆಯಿಂದ ಬಲಗಾಲು ಮೊಣಕಾಲಿನ ಕೆಳಗೆ ಇಲ್ಲ. ಗಾಲಿಕುರ್ಚಿಯನ್ನು ವ್ಯಾನಿನ ನೆಲಕ್ಕೆ ನಾಲ್ಕು ಪಟ್ಟಿಗಳಿಂದ ಬಿಗಿದಿರುತ್ತೇನೆ. ಆ ದಿನ ಎರಡನೆಯ ನಿಮಿಷಕ್ಕೇ ಅವರು ಹಿಂದಿನಿಂದ ಮಾತಾಡಿದರು.

“ಟವೆಲ್ ಇಲ್ವಲ್ಲ ಲೋರ್ನಾ.”

“ಹೂಂ, ಬರ್ತಾರೆ.”

ಮೂರನೆಯ ನಿಮಿಷಕ್ಕೆ, “ಚಿಮಣೀಲಿ ಹೊಗೆ ಇಲ್ಲ ನೋಡು. ಎಲ್ಮಾ ಬೆಂಕಿ ಆರಕ್ಕೆ ಬಿಡೋಳಲ್ಲ.”

ನಾನು ನೋಡಿದೆ. ಹೊಗೆ ಇರಲಿಲ್ಲ.

“ಇಳಿದು ಹೋಗಿ ನೋಡ್ಕೊಂಡ್ ಬಾ,” ಅಂದರು. “ನನ್ ಮಿಷಿನ್ ಎಲ್ಲೂ ಓಡಿಹೋಗಲ್ಲ. ಹದಿನೈದು ನಿಮಿಷ ತಡ ಆದ್ರೆ ಹದಿನೈದು ನಿಮಿಷ ಕಮ್ಮಿ ತೊಳೀತಾರೆ ಅಷ್ಟೇ. ಇಷ್ಟ್ ವರ್ಷದ ರಕ್ತ, ಎಷ್ಟ್ ತೊಳೆದ್ರೂ ಅಷ್ಟೇ.”

“ಇಳಿಯೋ ಹಾಗಿಲ್ಲ ಓರಿನ್. ನವೆಂಬರಲ್ಲಿ ಕಾಗದ ಕೊಟ್ಟಿದಾರೆ. ನಿಮಗೆ ಗೊತ್ತಲ್ಲ.”

ಟ್ಯಾಬ್ಲೆಟ್ಟಿನಲ್ಲಿ ಸೆಕೆಂಡುಗಳು ಇಳಿಯುತ್ತಿದ್ದವು. ಗುಂಡಿ ಒತ್ತಿ ಗೇರು ಹಾಕಿದಾಗ ಹಿಂದಿನಿಂದ ಒಂದೇ ಮಾತು ಬಂತು: “ಎರಡು ಕಾಲಿದ್ದಿದ್ರೆ ನಾನೇ ಇಳೀತಿದ್ದೆ.”

ಮಾನ್ಯರೇ, ಎರಡು ಕಾಲಿದ್ದವಳು ಮುಂದಿನ ಸೀಟಿನಲ್ಲಿ ಕೂತಿದ್ದಳು. ಒಳಗೆ ಏನೋ ಆಗಿದೆ ಎಂದು ನನಗೆ ಗೊತ್ತಾಗಿತ್ತು. ಅನುಮಾನವಲ್ಲ, ಗೊತ್ತಾಗಿತ್ತು. ಊರಿಗೆ ಮುಟ್ಟಿದ ಮೇಲೆ ಮಾರ್ವೆಲ್‌ಗೆ ಹೇಳಿ ಯಾರನ್ನಾದರೂ ಕಳಿಸಬಹುದಿತ್ತು. ಅದನ್ನೂ ಮಾಡಲಿಲ್ಲ. ಏನೂ ಆಗಿಲ್ಲದಿದ್ದರೆ ಪೆದ್ದಿಯಾಗುತ್ತೇನೆ, ಟವೆಲಿನ ವಿಷಯ ಹೊರಬೀಳುತ್ತದೆ, ಮತ್ತೊಂದು ಕಾಗದ ಬರುತ್ತದೆ ಎಂದು ಅಂಜಿದೆ. ಮಧ್ಯಾಹ್ನ ಎಂದಿನಂತೆ ಕೂತು ಸೂಪು ಕುಡಿದೆ. ಆ ಹೊತ್ತಿನಲ್ಲಿ ಅವರು ಬದುಕಿದ್ದರು.

ವಿಚಾರಣೆಯ ನಂತರದ ಗುರುವಾರ ಓರಿನ್ ವ್ಯಾನಿನಲ್ಲಿ ಕೇಳಿದರು. “ನನ್ ಹೆಸರು ಹೇಳಿದೀಯಂತೆ.”

“ಹೌದು.”

“ಒಳ್ಳೇದಾಯ್ತು ಬಿಡು. ನನ್ ಹೆಸರಿಂದ ಯಾರಿಗಾದ್ರೂ ಉಪಯೋಗ ಆಗಿ ಎಷ್ಟ್ ವರ್ಷ ಆಗಿತ್ತೋ.” ಡಯಾಲಿಸಿಸ್ ಕಟ್ಟಡ ಬಂತು. ನಾನು ಪಟ್ಟಿ ಬಿಚ್ಚಲು ಬಗ್ಗಿದಾಗ ನನ್ನ ತಲೆಯ ಮೇಲಿನಿಂದ ಹೇಳಿದರು: “ಅವಳ ಮನೆ ಬಂದಾಗ ನಾನು ಕಣ್ಣು ಮುಚ್ಕೊಂಡ್ ಬಿಡ್ತೀನಿ. ನಿಂಗೆ ಆಗಲ್ಲ, ಪಾಪ. ನೀನು ಓಡಿಸ್ಬೇಕು.”

ಬೈದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ.

ಹೋದ ವಾರ ಮ್ಯಾನೇಜರ್ ಹತ್ತಿರ ಹೋಗಿ ನನ್ನ ಹೇಳಿಕೆ ಬದಲಾಯಿಸಬೇಕು ಎಂದೆ. ಅವರು ಕೆಟ್ಟವರಲ್ಲ. ಅವರ ತಾಯಿಯನ್ನೂ ಇದೇ ವ್ಯಾನಿನಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದೆ. ಎದ್ದು ಬಾಗಿಲು ಮುಚ್ಚಿದರು.

“ನಿನ್ನ ಹೇಳಿಕೇಲಿ ತಪ್ಪೇನಿದೆ ಲೋರ್ನಾ?”

“ಅದು ನಿಜ ಅಲ್ಲ.”

“ನಿಜ ಅಲ್ದೆ ಇದ್ರೆ ನಂಗೆ ಹೇಳ್ಬೇಡ. ನಂಗೆ ಗೊತ್ತಾದ್ರೆ ನಾನು ಬರೀಬೇಕಾಗತ್ತೆ. ಬರೆದ್ರೆ ರಾಜಧಾನೀಲಿ ಕೂತಿರೋರು ಮೊದ್ಲು ನಮ್ಮ ಕೌಂಟಿ ಹೆಸರು ಹೊಡೆದು ಹಾಕ್ತಾರೆ. ಆರು ವ್ಯಾನೂ ನಿಲ್ಲತ್ತೆ. ಆಮೇಲೆ ಓರಿನ್‌ನ ಯಾರು ಕರ್ಕೊಂಡ್ ಹೋಗ್ತಾರೆ? ನೀನು ಹೊತ್ಕೊಂಡ್ ಹೋಗ್ತೀಯಾ?”

“ಎಲ್ಮಾಗೆ ಏನ್ ಹೇಳೋದು?”

“ಎಲ್ಮಾ ಹೋದ್ರು. ಇರೋರನ್ನ ನೋಡು.”

ಈ ಮಾತು ನನ್ನನ್ನು ಒಂದು ವಾರ ಮಲಗಲು ಬಿಟ್ಟಿಲ್ಲ, ಏಕೆಂದರೆ ಅದರಲ್ಲಿ ನ್ಯಾಯವೂ ಇದೆ. ನಮ್ಮ ಕೌಂಟಿಯಲ್ಲಿ ಈ ವ್ಯಾನು ಬಿಟ್ಟರೆ ಬೇರೆ ಗತಿಯಿಲ್ಲದವರು ಇನ್ನೂರಕ್ಕೂ ಮೇಲಿದ್ದಾರೆ. ನಾನು ಬಾಯಿಬಿಟ್ಟು ಅನುದಾನ ನಿಂತುಹೋದರೆ, ಅವರಲ್ಲಿ ಮೊದಲು ಸಾಯುವವರು ಓರಿನ್. ವಾರಕ್ಕೆ ಮೂರು ಸಲ ಅಷ್ಟು ದೂರ ಗಾಲಿಕುರ್ಚಿ ಒಯ್ಯುವ ನೆರೆಯವರು ಅವರಿಗಿಲ್ಲ. ನಿಮಗೆ ಬರೆಯುವ ಮೊದಲು ಅವರ ಮನೆಗೆ ಹೋಗಿ ಇದನ್ನು ನೇರವಾಗಿ ಹೇಳಿದೆ. “ಹೆದರಿಕೆ ಆಗಲ್ಲ ಅಂತ ಸುಳ್ಳು ಹೇಳಲ್ಲ,” ಅಂದರು. “ಆದ್ರೂ ಬರಿ. ನನ್ನ ಹೆಸರು ಸರಿಯಾಗಿ ಬರಿ.”

ಬರೆದಿದ್ದೇನೆ. ಈಗ ನಿಮ್ಮ ಸರದಿ.

ನನ್ನ ಹೇಳಿಕೆಯನ್ನು ಅರ್ಜಿಯಿಂದ ಕಿತ್ತುಹಾಕಿ. ಅರ್ಜಿಯನ್ನು ಕಿತ್ತುಹಾಕಬೇಡಿ. ಸತ್ಯ ಹೇಳಿದ ಕೌಂಟಿಗೆ ಹಣ ನಿಲ್ಲಿಸಿದರೆ ಉಳಿದ ಕೌಂಟಿಗಳೆಲ್ಲ ಸುಳ್ಳು ಬರೆಯುವುದನ್ನು ಇನ್ನಷ್ಟು ಚೆನ್ನಾಗಿ ಕಲಿಯುತ್ತವೆ, ಈಗಲೇ ಸಾಕಷ್ಟು ಕಲಿತಿವೆ. ಹಣ ಕೊಡಿ, ಆದರೆ ಬಾಗಿಲವರೆಗೆ ನಡೆಯುವುದಕ್ಕೆ ಕೊಡಿ. ಚಾಲಕರು ಇಳಿಯುವ ಹೊತ್ತನ್ನು ವ್ಯರ್ಥ ಎಂದು ಲೆಕ್ಕ ಹಾಕುವುದನ್ನು ನಿಲ್ಲಿಸಿ, ಅದೇ ಸೇವೆ ಎಂದು ಬರೆದುಕೊಳ್ಳಿ. ಗಂಟೆಗೆ ಒಂದು ಪ್ರಯಾಣ ಕಡಿಮೆಯಾಗುತ್ತದೆ, ಹೌದು. ಹಿಮದ ಮೇಲೆ ಮೋಜಿಗೆ ಮೋಟಾರುಬಂಡಿ ಆಡುವವರ ದಾರಿಯನ್ನು ಸರ್ಕಾರದ ಹಣದಲ್ಲಿ ಪ್ರತಿ ಬೆಳಿಗ್ಗೆ ನುಣ್ಣಗೆ ಮಾಡಿಸುವಾಗ ಗಂಟೆಗೆ ಎಷ್ಟು ಜನ ಆಡಿದರೆಂದು ಯಾರೂ ಕೇಳುವುದಿಲ್ಲ. ಎಲ್ಮಾ ಹೆಸರಿನ ಮುಂದಿರುವ ಆ ನಾಲ್ಕು ‘ಬರಲಿಲ್ಲ’ಗಳನ್ನೂ ಅಳಿಸಿ. ಇಷ್ಟು ಮಾಡುವುದಕ್ಕೆ ಶಾಸನಸಭೆ ಸೇರಬೇಕಾಗಿಲ್ಲ ಎಂದು ಕಾನೂನು ಬಲ್ಲವರೊಬ್ಬರು ನನಗೆ ಹೇಳಿದ್ದಾರೆ, ನಿಮ್ಮ ಒಂದು ಸಹಿ ಸಾಕಂತೆ. ಮುಂದಿನ ಮಂಗಳವಾರದೊಳಗೆ ಉತ್ತರ ಬೇಕು. ಅಲ್ಲಿಯವರೆಗೆ ನಾನು ಪ್ರತಿ ಬಾಗಿಲಿಗೂ ಇಳಿದು ಹೋಗುತ್ತಿರುತ್ತೇನೆ, ನಿಮ್ಮ ಯಂತ್ರ ವರದಿ ಮಾಡಿಕೊಳ್ಳಲಿ.

ಕಿತ್ತ ಜಾಗದಲ್ಲಿ ಸೇರಿಸಬೇಕಾದ ಹೇಳಿಕೆ ಇದು. ಚೌಕಟ್ಟು ಬೇಡ.

‘ಟವೆಲ್ ಇರಲಿಲ್ಲ. ಚಿಮಣಿಯಲ್ಲಿ ಹೊಗೆ ಇರಲಿಲ್ಲ. ಹೋಗಿ ನೋಡು ಎಂದು ಓರಿನ್ ಬೋಡ್ರಿಯವರು ಹೇಳಿದರು. ಅವರಿಗಾಗಿ ನಾನು ಆತುರಪಡುವ ಅಗತ್ಯವಿರಲಿಲ್ಲ. ಎಲ್ಮಾ ರುವೋನಾ ಬರಲು ಸಿದ್ಧರಾಗಿ, ಕೋಟು ಹಾಕಿಕೊಂಡು ಒಳಗೆ ಇದ್ದರು. ಬಾರದೇ ಹೋದವಳು ನಾನು.’

ಇಂತಿ,
ಆ ಮಂಗಳವಾರ ನಿಮ್ಮ ನಿಯಮವನ್ನು ಒಂದಕ್ಷರವೂ ತಪ್ಪದೆ ಪಾಲಿಸಿದ
ಲೋರ್ನಾ ಕೆಸ್ಟಿಲಾ
ಚಾಲಕಿ, ಸದ್ಯಕ್ಕೆ